ಮನವಿ ಬರೆಯುವ ಮೊದಲು ಲೆಡ್ಜರ್ ತೆಗೆಯೋಣ

ಸಹಕಾರ ಸಪ್ತಾಹದ ಸಭೆಯೊಂದರಲ್ಲಿ, ಕೊಡಗಿನ ಗೋಣಿಕೊಪ್ಪದಲ್ಲಿ, ಮುಕ್ಕಾಲು ಗಂಟೆ ಮಾತಾಡಿದ್ದೆ. ಬಂದಿದ್ದವರಲ್ಲಿ ಹೆಚ್ಚಿನವರು ವಿಎಸ್‌ಎಸ್‌ಎನ್ (ನಾವು ಸೊಸೈಟಿ ಅನ್ನುವ ವ್ಯವಸಾಯ ಸೇವಾ ಸಹಕಾರ ಸಂಘ) ಅಧ್ಯಕ್ಷರು, ನಿರ್ದೇಶಕರು, ಸಿಇಒಗಳು. ಒಂದಿಷ್ಟು ಸದಸ್ಯರೂ ಇದ್ದರು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಇಲ್ಲಿ ಬರೆದಿದ್ದೇನೆ. ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಎರಡು ಅವಧಿ ನಮ್ಮೂರ ಸೊಸೈಟಿಯಲ್ಲಿ ನಿರ್ದೇಶಕನಾಗಿದ್ದೆ. ಅಲ್ಲಿನ ಕಬ್ಬಿಣದ ಬೀರುವಿನಲ್ಲಿ ಒಂದು ದಪ್ಪ ಫೈಲ್ ಇದೆ. ಮೇಲೆ ‘ಮನವಿಗಳು’ ಅಂತ ಬರೆದಿದೆ. ಊರಿಗೆ ಬಂದ ಮಂತ್ರಿಗಳಿಗೆ, ಶಾಸಕರಿಗೆ, ಸಂಸದರಿಗೆ ನಾವು ಕೊಟ್ಟ ಪತ್ರಗಳ ನಕಲು ಅದರಲ್ಲಿವೆ. ಒಂದು ಮಳೆಗಾಲದ ಮಧ್ಯಾಹ್ನ ಕರೆಂಟ್ ಹೋಗಿ ಕಂಪ್ಯೂಟರ್ ಕೆಲಸ ನಿಂತಿದ್ದಾಗ ಅದನ್ನು ಮೊದಲಿಂದ ಕೊನೆವರೆಗೆ ಓದಿದೆ. ಸಾಲ ಮನ್ನಾ ಮಾಡಿ. ಸಬ್ಸಿಡಿ ಕೊಡಿ. ಕಟ್ಟಡಕ್ಕೆ ಅನುದಾನ ಕೊಡಿ. ಮತ್ತೆ ಸಾಲ ಮನ್ನಾ ಮಾಡಿ.

ಇವು ತಪ್ಪು ಬೇಡಿಕೆ ಅಂತ ನಾನು ಹೇಳುತ್ತಿಲ್ಲ. 2017ರಲ್ಲಿ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ, 2018ರಲ್ಲಿ 1 ಲಕ್ಷದವರೆಗೆ ಮನ್ನಾ ಆದಾಗ ಎಷ್ಟೋ ಮನೆಗಳಿಗೆ ಉಸಿರು ಬಂದಿತ್ತು. ಆದರೆ ಆ ಫೈಲಿನಲ್ಲಿ ‘ಈ ನಿಯಮದ ಈ ಸಾಲು ನಮ್ಮ ಊರಿಗೆ ಹೊಂದುತ್ತಿಲ್ಲ, ಹೀಗೆ ಬದಲಿಸಿ’ ಅನ್ನುವ ಪತ್ರ ಒಂದೂ ಇರಲಿಲ್ಲ. ಮನ್ನಾ ಒಂದು ವರ್ಷದ ಮಾತು. ನಿಯಮ ಹಾಗಲ್ಲ, ಪ್ರತಿ ವರ್ಷ ನಮ್ಮ ಜೊತೆಗೇ ಇರುತ್ತೆ. ನಾವು ಕೇಳಬೇಕಾದ್ದು ನಿಯಮದ ಬದಲಾವಣೆ, ಅದನ್ನೂ ನಮ್ಮ ಸಂಘದ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕೇಳಬೇಕು. ಇವತ್ತು ನನಗೆ ಹೇಳೋಕೆ ಇರುವುದು ಇದೊಂದೇ ವಿಷಯ.

ಮೊದಲು ಯಾವ ಬಾಗಿಲು ತಟ್ಟಬೇಕು ಅನ್ನುವುದು ಗೊತ್ತಿರಬೇಕು. ಸಹಕಾರ ಸಂಘ ರಾಜ್ಯದ ವಿಷಯ. ನಮ್ಮನ್ನು ನಡೆಸುವುದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ. ಸೌಹಾರ್ದ ಸಂಘಗಳಿಗೆ 1997ರ ಕಾಯ್ದೆ ಬೇರೆ ಇದೆ. 97ನೇ ಸಂವಿಧಾನ ತಿದ್ದುಪಡಿಯಲ್ಲಿ ರಾಜ್ಯದ ಸಂಘಗಳಿಗೆ ಹಾಕಿದ್ದ ಭಾಗವನ್ನು ಸುಪ್ರೀಂ ಕೋರ್ಟ್ 2021ರ ಜುಲೈನಲ್ಲಿ ತೆಗೆದುಹಾಕಿತು, ಹಾಗಾಗಿ ಇವತ್ತಿಗೂ ಚುನಾವಣೆ, ಸದಸ್ಯತ್ವ, ಆಡಿಟ್ ಇವೆಲ್ಲ ಬೆಂಗಳೂರಿನ ಕೈಯಲ್ಲೇ ಇದೆ. ಆದಾಯ ತೆರಿಗೆ ದೆಹಲಿಯದ್ದು. ನಮ್ಮ ಮೇಲಿನ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನ ಲೈಸೆನ್ಸ್ ರಿಸರ್ವ್ ಬ್ಯಾಂಕಿನದ್ದು, ಅದರ ತಪಾಸಣೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡಿನದ್ದು. ಪಹಣಿ ಕಂದಾಯ ಇಲಾಖೆಯದ್ದು. ನಾವು ಏನು ಮಾಡುತ್ತೇವೆ ಅಂದರೆ ಇವೆಲ್ಲವನ್ನೂ ಒಂದೇ ಕಾಗದದಲ್ಲಿ ಟೈಪ್ ಮಾಡಿಸಿ, ಶಾಲು ಹೊದಿಸಿ, ಯಾರು ಬಂದರೋ ಅವರ ಕೈಗೆ ಕೊಡುತ್ತೇವೆ. ಸಹಕಾರ ಸಚಿವರು ಪಹಣಿ ತಿದ್ದೋಕೆ ಆಗಲ್ಲ. ಶಾಸಕರು ತೆರಿಗೆ ಕಾನೂನು ಬದಲಿಸೋಕೆ ಆಗಲ್ಲ. ಆ ಕಾಗದ ಎಲ್ಲಿಗೆ ಹೋಗಬೇಕು ಅಂತ ಅವರ ಕಚೇರಿಯವರಿಗೂ ಗೊತ್ತಾಗಲ್ಲ.

ಈಗ ಪಹಣಿಯ ವಿಷಯಕ್ಕೇ ಬರುತ್ತೇನೆ. ಕೊಡಗಿನಲ್ಲಿ ಇದಕ್ಕಿಂತ ದೊಡ್ಡ ಗಂಟು ಇಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಅಕ್ಕ ಸೊಸೈಟಿಗೆ ಬಂದರು. ಗಂಡ ತೀರಿಕೊಂಡಿದ್ದರು. ಎರಡೂವರೆ ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ. ತೋಟ ಚೆನ್ನಾಗಿತ್ತು, ನಾನೇ ನೋಡಿದ್ದೆ. ಗೊಬ್ಬರಕ್ಕೂ ಗಿಡ ಸವರುವ ಕಪಾತಿಗೂ ದುಡ್ಡು ಬೇಕಿತ್ತು. ಜಾಗ ಒಕ್ಕದ ಜಮ್ಮಾ, ಅಂದರೆ ಒಂದೇ ಮನೆತನದ ಎಲ್ಲರಿಗೂ ಸೇರಿದ, ತಲೆಮಾರುಗಳಿಂದ ಬಂದ ಹಿಡುವಳಿ. ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಒಕ್ಕದ ಹಿರಿಯರ ಹೆಸರು, ಅವರ ಕೆಳಗೆ ಹದಿನಾಲ್ಕು ಹೆಸರು. ಅದರಲ್ಲಿ ಒಂಬತ್ತು ಜನ ಈಗಿಲ್ಲ. ಗಂಡನ ಹೆಸರು ಕೂಡ ಅದರಲ್ಲಿ ಇರಲಿಲ್ಲ, ಇದ್ದದ್ದು ಅವರ ಅಜ್ಜನದ್ದು. ಮನೆಯವರೆಲ್ಲ ‘ಆ ತೋಟ ಅವಳದ್ದೇ’ ಅಂತ ಒಪ್ಪುತ್ತಾರೆ, ಒಂದು ದಿನ ಜಗಳ ಆಗಿಲ್ಲ. ಆದರೆ ಬೆಳೆಸಾಲಕ್ಕೆ ಪಹಣಿ ಬೇಕು, ಪಹಣಿಗೆ ಜೋಡಿಸಿದ ರೈತರ ನೋಂದಣಿ ಸಂಖ್ಯೆ, ಫ್ರೂಟ್ಸ್ ಐಡಿ ಬೇಕು. ನಾವು ಅವರಿಗೆ ಚಿನ್ನದ ಮೇಲೆ ಒಂದಷ್ಟು ಆಭರಣ ಸಾಲ ಕೊಟ್ಟೆವು, ಉಳಿದದ್ದಕ್ಕೆ ಅವರು ಬಡ್ಡಿ ವ್ಯಾಪಾರದವರ ಹತ್ತಿರ ಹೋದರು. ಪಕ್ಕದ ತೋಟದವರು ಅದೇ ಸೊಸೈಟಿಯಲ್ಲಿ ಸೊನ್ನೆ ಬಡ್ಡಿಗೆ ಸಾಲ ತೆಗೆದರು. ಇಬ್ಬರೂ ನಮ್ಮ ಸದಸ್ಯರು, ಇಬ್ಬರದ್ದೂ ಒಂದೇ ಬೆಳೆ. ಆ ದಿನ ನಾನು ಆಡಳಿತ ಮಂಡಳಿಯ ಕುರ್ಚಿಯಲ್ಲಿ ಕೂತಿದ್ದೆ. ನನಗೆ ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ನಿಯಮ ನಿಜವಾಗಿ ಏನು ಹೇಳುತ್ತೆ ಅಂತ ಆಮೇಲೆ ಕೂತು ಓದಿದೆ. ರಿಸರ್ವ್ ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡ್ ನಿಯಮದಲ್ಲಿ ಜಾಗದ ಮಾಲೀಕರಿಗೆ ಮಾತ್ರ ಸಾಲ ಅಂತ ಇಲ್ಲ. ಗೇಣಿಗೆ ಮಾಡುವವರು, ಬಾಯಿಮಾತಿನ ಗೇಣಿಯವರು, ಪಾಲಿಗೆ ಬೆಳೆಯುವವರು, ಸ್ವಸಹಾಯ ಗುಂಪು, ಜಂಟಿ ಬಾಧ್ಯತಾ ಗುಂಪು ಎಲ್ಲರೂ ಅರ್ಹರು. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತಲೂ ಇದೆ. ಮೊದಲು ಆ ಮಿತಿ 1.6 ಲಕ್ಷ ಇತ್ತು. ಅಂದರೆ ದೆಹಲಿ, ಮುಂಬೈಯ ನಿಯಮದಲ್ಲಿ ಆ ಅಕ್ಕನಿಗೆ ದಾರಿ ಇದೆ. ದಾರಿ ಮುಚ್ಚುತ್ತಿರುವುದು ನಮ್ಮ ಹತ್ತಿರ ಬರುವಾಗ. ಬಡ್ಡಿ ರಿಯಾಯಿತಿಯ ಕ್ಲೇಮಿಗೆ ಪಹಣಿ ಬೇಕು, ಆದ್ದರಿಂದ ಸಾಲಕ್ಕೂ ಪಹಣಿ ಬೇಕು ಅಂತ ಎಲ್ಲರೂ ಅದಕ್ಕೇ ಅಂಟಿಕೊಂಡಿದ್ದೇವೆ.

ಹಾಗಾದರೆ ಕೇಳಬೇಕಾದ್ದು ಇಷ್ಟು. ಜಮ್ಮಾ ಜಾಗದಲ್ಲಿ, ಒಕ್ಕದವರ ಒಪ್ಪಿಗೆ ಪತ್ರ ಮತ್ತು ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ಸ್ವಾಧೀನದ ದೃಢೀಕರಣ ಇದ್ದರೆ, 2 ಲಕ್ಷದವರೆಗೆ ಸೊನ್ನೆ ಬಡ್ಡಿ ಯೋಜನೆಯಲ್ಲಿ ಸೇರಿಸಿ ಅಂತ ಸಹಕಾರ ಇಲಾಖೆಯಿಂದ ಒಂದು ಸುತ್ತೋಲೆ. ಪಹಣಿ ಸರಿಪಡಿಸುವ ದೊಡ್ಡ ಕೆಲಸ ಕಂದಾಯ ಇಲಾಖೆಯಲ್ಲಿ ನಡೆಯಲಿ, ಅದಕ್ಕೆ ವರ್ಷಗಳು ಬೇಕು. ಕಾಫಿ ಗಿಡ ಅಲ್ಲಿವರೆಗೆ ಕಾಯಲ್ಲ. ಹಾಡಿಗಳಲ್ಲಿರುವ ಯರವ, ಜೇನುಕುರುಬ ಆದಿವಾಸಿ ಕುಟುಂಬಗಳಿಗೂ ಇದೇ ತರಹದ ಸಮಸ್ಯೆ. 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ ಕೈಯಲ್ಲಿದ್ದರೂ ಅದನ್ನು ಹಿಡಿದುಕೊಂಡು ಸಾಲ ಪಡೆಯುವುದು ಸುಲಭ ಇಲ್ಲ. ಆದಿವಾಸಿಗಳ ಸಹಕಾರ ಸಂಘವಾದ ನಮ್ಮ ಲ್ಯಾಂಪ್ಸ್ ಸೊಸೈಟಿಯವರು ಈ ಮಾತನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ, ಅವರನ್ನು ನಮ್ಮ ಜೊತೆ ಕರೆದುಕೊಂಡೇ ಹೋಗಬೇಕು.

ಎರಡನೆಯದು ಮಾರ್ಚ್.

ಸಾಲ ಕಟ್ಟುವ ಗಡುವು ಅಂದ ಕೂಡಲೇ ನಮಗೆಲ್ಲ ಮಾರ್ಚ್ ನೆನಪಾಗುತ್ತೆ. ರೋಬಸ್ಟಾ ಕೊಯ್ಲು ಡಿಸೆಂಬರಿನಲ್ಲಿ ಶುರುವಾದರೆ ಫೆಬ್ರವರಿ, ಮಾರ್ಚ್‌ವರೆಗೂ ಎಳೆಯುತ್ತೆ. ನಡುವೆ ಅಕಾಲಿಕ ಮಳೆ ಬಂದರೆ ಕಣದಲ್ಲಿ ಒಣಗೋಕೆ ಹಾಕಿದ್ದನ್ನು ಮುಚ್ಚೋದು ತೆಗೆಯೋದೇ ಕೆಲಸ. ಆಳು ಸಿಗದಿದ್ದರೆ ಇನ್ನೂ ತಡ. ಮೆಣಸು ಅದರ ಹಿಂದೆ ಬರುತ್ತೆ. ಅದೇ ಸಮಯಕ್ಕೆ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರಿಗೆ ಡೀಸೆಲ್ ಬೇಕು. ವರ್ಷಕ್ಕೆ ಒಂದೇ ಸಲ ದುಡ್ಡು ನೋಡುವ ಮನೆಗೆ ಎಲ್ಲಾ ಖರ್ಚೂ ಎಲ್ಲಾ ಗಡುವೂ ಒಂದೇ ತಿಂಗಳಿನಲ್ಲಿ ಬಂದು ಬೀಳುತ್ತೆ. ಗಡುವು ದಾಟಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಕೇಂದ್ರದ 3% ರಿಯಾಯಿತಿ ಹೋಯಿತು, ರಾಜ್ಯದ ಸೊನ್ನೆ ಬಡ್ಡಿಯೂ ಹೋಯಿತು. ಹಾಗಾಗಿ ಜನ ಇದ್ದ ಬೆಲೆಗೆ ಚೆರಿ (ಒಣಗಿಸಿದ ಕಾಫಿ ಹಣ್ಣು) ಮಾರಿ ಸಾಲ ಕಟ್ಟುತ್ತಾರೆ. ಎಲ್ಲರೂ ಒಂದೇ ವಾರ ಮಾರಲು ನಿಂತಿದ್ದಾರೆ ಅನ್ನುವುದು ಕೊಳ್ಳುವವರಿಗೂ ಗೊತ್ತಿರುತ್ತೆ, ಅಲ್ವಾ?

1996ರಲ್ಲಿ ಕಾಫಿ ಮಾರಾಟ ಪೂರ್ತಿ ಮುಕ್ತ ಆಯಿತು. ಅದಕ್ಕೆ ಮೊದಲು ಎಲ್ಲರ ಕಾಫಿಯನ್ನೂ ಒಟ್ಟಿಗೆ ಮಾರುವ ಕಾಫಿ ಮಂಡಳಿಯ ಪೂಲ್ ಇತ್ತು, ಕಂತಿನಲ್ಲಿ ದುಡ್ಡು ಬರುತ್ತಿತ್ತು, ಯಾವಾಗ ಮಾರಬೇಕು ಅಂತ ಬೆಳೆಗಾರ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಈಗ ಮಾರುವ ದಿನ ಆರಿಸಿಕೊಳ್ಳುವ ಸ್ವಾತಂತ್ರ್ಯ ಇದೆ, ಆದರೆ ಸಾಲದ ಗಡುವು ಆ ಸ್ವಾತಂತ್ರ್ಯವನ್ನು ಸಣ್ಣ ಬೆಳೆಗಾರರಿಂದ ಕಿತ್ತುಕೊಳ್ಳುತ್ತಿದೆ. ದೊಡ್ಡವರು ಗೋದಾಮಿನಲ್ಲಿಟ್ಟು ಕಾಯುತ್ತಾರೆ.

ಇದಕ್ಕೂ ಒಂದು ನಿಯಮ ಈಗಾಗಲೇ ಇದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ಮತ್ತು ಅತಿ ಸಣ್ಣ ರೈತರು ಕೊಯ್ಲಿನ ಮೇಲೆ ಬೆಳೆಯನ್ನು ನೋಂದಾಯಿತ ಗೋದಾಮಿನಲ್ಲಿಟ್ಟು, ಆ ರಸೀದಿಯ ಮೇಲೆ ಸಾಲ ತೆಗೆದರೆ ಆರು ತಿಂಗಳವರೆಗೆ ರಿಯಾಯಿತಿ ಬಡ್ಡಿ. ನಮ್ಮ ಎಷ್ಟು ಸೊಸೈಟಿಗಳಲ್ಲಿ ಗೋದಾಮು ಇದೆ! ಗೊಬ್ಬರ ಇಡುತ್ತೇವೆ, ಮುಂಗಾರು ಮುಗಿದ ಮೇಲೆ ಅರ್ಧ ಖಾಲಿ. ಅವನ್ನು ಕೇಂದ್ರದ ಗೋದಾಮು ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳೋಣ. ನಮ್ಮ ತೇವಕ್ಕೆ ತಕ್ಕ ಹಾಗೆ ನೆಲ, ಗಾಳಿ ಸರಿಮಾಡೋಕೆ ಒಂದು ಸಲದ ನೆರವು ಕೇಳೋಣ. ಕಾಫಿ ಬೆಳೆಯ ಗಡುವು ಜೂನ್ ತಿಂಗಳಿಗೆ ಹೋಗಲಿ ಅಂತಲೂ ಕೇಳೋಣ. ಇದರಿಂದ ಸರ್ಕಾರಕ್ಕೆ ಹೋಗುವ ದುಡ್ಡು ಮನ್ನಾದ ಮುಂದೆ ಬಹಳ ಕಡಿಮೆ.

ಇಲ್ಲೇ 2018ರ ಆಗಸ್ಟಿನ ಭೂಕುಸಿತದ ಬಗ್ಗೆ ಒಂದು ಮಾತು. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ. ಮರುವರ್ಷ ತೋರ. ಬೆಳೆ ಹಾಳಾದರೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿ ಇದೆ, ಹಾನಿ 33% ಅಥವಾ ಅದಕ್ಕಿಂತ ಹೆಚ್ಚಾದರೆ ಸಾಲವನ್ನು ಮುಂದಕ್ಕೆ ಹಾಕಿ ಅವಧಿ ಸಾಲ ಮಾಡಬಹುದು. ಆದರೆ ಅಲ್ಲಿ ಬೆಳೆ ಮಾತ್ರ ಹೋಗಿರಲಿಲ್ಲ. ಮಣ್ಣೇ ಹೋಗಿತ್ತು. ತೋಟ ಇದ್ದ ಜಾಗದಲ್ಲಿ ಬಂಡೆ ಕಾಣುತ್ತಿತ್ತು. ಆ ಜಾಗದ ಮೇಲಿನ ಸಾಲಕ್ಕೆ ಐದು ವರ್ಷ ಕೊಟ್ಟರೇನು, ಹತ್ತು ವರ್ಷ ಕೊಟ್ಟರೇನು? ಜಾಗವೇ ಇಲ್ಲದಾದಾಗ ಸಾಲ ಏನಾಗಬೇಕು ಅನ್ನುವುದಕ್ಕೆ ಒಂದು ಕಾಯಂ ನಿಯಮ ಬೇಕು. ಪ್ರತಿ ದುರಂತದ ಮೇಲೆ ಹೊಸದಾಗಿ ಬೇಡೋದು ಆಗಬಾರದು.

ಇನ್ನು ನಬಾರ್ಡಿನ ದುಡ್ಡು. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಸೊನ್ನೆ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಕೌಂಟರಿನಲ್ಲಿ ಮಾತ್ರ ಸದಸ್ಯರಿಗೆ ‘ಈ ಸಲ ಅಷ್ಟು ಬರಲ್ಲ’ ಅಂತ ಹೇಳಬೇಕಾಗುತ್ತೆ. ಯಾಕೆ? ದುಡ್ಡು ನಬಾರ್ಡಿನಿಂದ ರಾಜ್ಯದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ಡಿಸಿಸಿಗೆ, ಅಲ್ಲಿಂದ ನಮಗೆ ಇಳಿದು ಬರಬೇಕು. 2023-24ರಲ್ಲಿ ಕರ್ನಾಟಕಕ್ಕೆ 5,600 ಕೋಟಿ ಇದ್ದ ಕಡಿಮೆ ಬಡ್ಡಿಯ ಮರುಸಾಲ 2024-25ರಲ್ಲಿ 2,340 ಕೋಟಿಗೆ ಇಳಿಯಿತು. 58% ಕಡಿತ. ಮುಖ್ಯಮಂತ್ರಿಗಳು ದೆಹಲಿಗೆ ಹೋಗಿ ಇದನ್ನು ಹೇಳಿದರು. ಅದು ಅವರ ಕೆಲಸ, ಮಾಡಿದರು. ನಮ್ಮ ಕೆಲಸ ಬೇರೆ ಇದೆ. ‘ನಮ್ಮ ಸೊಸೈಟಿಯಲ್ಲಿ ಇಷ್ಟು ಜನ ಅರ್ಜಿ ಹಾಕಿದರು, ಇಷ್ಟು ಜನಕ್ಕೆ ಕಡಿಮೆ ಕೊಟ್ಟೆವು, ಅದರಲ್ಲಿ ಇಷ್ಟು ಜನ ಹೊರಗಡೆ ಸಾಲ ಮಾಡಿದರು’ ಅನ್ನುವ ಲೆಕ್ಕ ಒಂದೊಂದು ಸಂಘದಿಂದ ಹೋಗಬೇಕು. ಆ ಲೆಕ್ಕ ನಮ್ಮ ಹತ್ತಿರ ಮಾತ್ರ ಇದೆ.

ಈಗ ಠೇವಣಿ. ಇದನ್ನು ಹೇಳುವಾಗ ನನಗೆ ಸ್ವಲ್ಪ ಅಳುಕಾಗುತ್ತೆ, ಯಾಕೆಂದರೆ ತಪ್ಪಾಗಿ ಕೇಳಿಸಿಕೊಂಡರೆ ಜನ ಹೆದರುತ್ತಾರೆ. ಆದರೂ ಹೇಳಲೇಬೇಕು.

ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ, 2020ರ ಫೆಬ್ರವರಿಯಿಂದ. ಡಿಸಿಸಿ ಬ್ಯಾಂಕಿಗೂ ಇದೆ, ಪಟ್ಟಣ ಸಹಕಾರ ಬ್ಯಾಂಕಿಗೂ ಇದೆ. ವಿಎಸ್‌ಎಸ್‌ಎನ್ ಠೇವಣಿಗೆ ಆ ವಿಮೆ ಇಲ್ಲ. ನಮ್ಮ ಊರುಗಳಲ್ಲಿ ಎಷ್ಟು ಜನ ಸೊಸೈಟಿಯನ್ನು ‘ಬ್ಯಾಂಕ್’ ಅಂತಲೇ ಕರೆಯುತ್ತಾರೆ! ನಿವೃತ್ತರಾಗಿ ಬಂದ ಸೈನಿಕರು ಸೇನೆಯಿಂದ ಬಂದ ಇಡುಗಂಟನ್ನು ನಂಬಿಕೆಯಿಂದ ತಂದು ಇಡುತ್ತಾರೆ. ಆ ಹೆಸರಿನ ಗೊಂದಲದ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಸದಸ್ಯರಿಗೆ ಈ ವಿಷಯವನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಅದಕ್ಕೊಂದು ದಾರಿಯನ್ನೂ ಹುಡುಕಬೇಕು.

ನಮ್ಮ ಹಿರಿಯರು ಇದನ್ನು ಯೋಚಿಸಿದ್ದರು ಅಂತ ನನಗನ್ನಿಸುತ್ತೆ. ಕೊಡಗಿನ ಧವಸ ಭಂಡಾರಗಳನ್ನು ನೆನಪು ಮಾಡಿಕೊಳ್ಳಿ. ಸುಗ್ಗಿಯ ಹಬ್ಬ ಹುತ್ತರಿ ಕಳೆದು ಕಣಜ ತುಂಬಿದಾಗ ಸದಸ್ಯರು ಭತ್ತ ತಂದು ಅಳೆಯುತ್ತಿದ್ದರು. ಮಳೆಗಾಲದಲ್ಲಿ ಮನೆಯಲ್ಲಿ ಭತ್ತ ಮುಗಿದವರು ಒಯ್ಯುತ್ತಿದ್ದರು, ಬೆಳೆ ಬಂದಮೇಲೆ ಬಡ್ಡಿ ಭತ್ತ ಸೇರಿಸಿ ತಂದು ಹಾಕುತ್ತಿದ್ದರು. ಎಷ್ಟಿದೆ, ಯಾರು ಒಯ್ದರು, ಯಾರು ತಂದಿಲ್ಲ ಎಲ್ಲವೂ ಊರವರ ಕಣ್ಣೆದುರೇ ಇತ್ತು. ಭಂಡಾರದ ಬಾಗಿಲು ತೆಗೆದರೆ ಠೇವಣಿ ಕಾಣುತ್ತಿತ್ತು. ಇವತ್ತಿನ ಠೇವಣಿ ಕಾಣಲ್ಲ. ಅದು ಕಂಪ್ಯೂಟರಿನೊಳಗೆ ಇದೆ. ಅದಕ್ಕೇ ಕಾನೂನಿನ ಖಾತರಿ ಬೇಕು.

ಇನ್ನೊಂದು ಕಥೆ ಇದೆ. 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯ್ದೆ ಬಂತು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. 1907ರಲ್ಲಿ ಬೋಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ ಭಾರತ ಸುತ್ತಲು ಬಂದವರು ಹಳ್ಳಿಗಳ ಇಂಥ ಸಾಲ ಸಂಘಗಳನ್ನು ನೋಡಿ ಬೆರಗಾದರು. ಅವರ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲಿ 1909ರಲ್ಲಿ ಕ್ರೆಡಿಟ್ ಯೂನಿಯನ್ ಕಾಯ್ದೆ ಬರಲು ಅವರೂ ದುಡಿದರು. 1934ರಲ್ಲಿ ಅದು ದೇಶದ ಕಾಯ್ದೆ ಆಯಿತು. 1970ರಲ್ಲಿ ಠೇವಣಿ ವಿಮೆ ನಿಧಿ ಬಂತು, ಈಗ ಅಲ್ಲಿ ಒಬ್ಬ ಸದಸ್ಯರಿಗೆ 2.5 ಲಕ್ಷ ಡಾಲರ್‌ವರೆಗೆ ಖಾತರಿ. ನಮ್ಮ ಹಳ್ಳಿ ಸಂಘಗಳನ್ನು ನೋಡಿ ಹೋದವರ ಊರಿನಲ್ಲಿ ಸದಸ್ಯರ ಠೇವಣಿಗೆ ರಕ್ಷಣೆ ಸಿಕ್ಕಿದೆ. ನಮ್ಮ ಹಳ್ಳಿ ಸಂಘದ ಸದಸ್ಯರಿಗೆ ಇನ್ನೂ ಸಿಕ್ಕಿಲ್ಲ.

ಅಮೆರಿಕ ದೂರ ಆಯಿತು ಅನ್ನಿ. ಮಾಕುಟ್ಟ ಘಾಟಿ ಇಳಿದರೆ ಕೇರಳ. ಅಲ್ಲಿ ನಮ್ಮಂಥ ಪ್ರಾಥಮಿಕ ಸಂಘಗಳ ಠೇವಣಿಗೆ ರಾಜ್ಯದ್ದೇ ಖಾತರಿ ನಿಧಿ ಇದೆ. ಇಲ್ಲೂ ಅಂಥದ್ದು ಬೇಕು ಅಂತ ಬೆಂಗಳೂರನ್ನು ಕೇಳೋಣ. ಖರ್ಚಿನ ಅಂದಾಜು ಬೇಕಾದರೆ ಹೀಗೆ ನೋಡಿ. ಬ್ಯಾಂಕುಗಳು ಕಟ್ಟಿಕೊಂಡು ಬಂದ ವಿಮೆ ಕಂತು ನೂರು ರೂಪಾಯಿಗೆ ವರ್ಷಕ್ಕೆ 12 ಪೈಸೆ. ಆ ಲೆಕ್ಕದಲ್ಲಿ 10 ಕೋಟಿ ಠೇವಣಿ ಇರುವ ಸೊಸೈಟಿಗೆ ವರ್ಷಕ್ಕೆ 1.2 ಲಕ್ಷ. ನಮ್ಮ ಮಹಾಸಭೆಯ ಊಟ, ಪೆಂಡಾಲು, ವರದಿ ಪುಸ್ತಕದ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಇದು ಭಾರ ಅಲ್ಲ. ಆದರೆ ಒಂದು ಷರತ್ತು ನಾವು ಒಪ್ಪಬೇಕು. ಖಾತರಿ ಬೇಕು ಅಂದರೆ ಸಮಯಕ್ಕೆ ಆಡಿಟ್ ಆಗಬೇಕು, ನಿರ್ದೇಶಕರ ಮನೆಯವರ ಸಾಲದ ಪಟ್ಟಿ ಸದಸ್ಯರಿಗೆ ಕಾಣಬೇಕು, ಸುಸ್ತಿ ಸಾಲವನ್ನು ಹೊಸ ಸಾಲ ಮಾಡಿ ಮುಚ್ಚುವ ಅಭ್ಯಾಸ ಬಿಡಬೇಕು. ಇಲ್ಲಿ ಕೂತಿರುವ ಕೆಲವರಿಗೆ ಈ ಮಾತು ಹಿಡಿಸಲ್ಲ ಅಂತ ಗೊತ್ತು. ಬಿಗಿ ಬೇಡ, ಖಾತರಿ ಮಾತ್ರ ಬೇಕು ಅಂತ ಹೋದರೆ ಯಾರೂ ನಮ್ಮನ್ನು ನಂಬಲ್ಲ.

ತೆರಿಗೆ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸದಸ್ಯರಿಗೆ ಸಾಲ ಕೊಟ್ಟು ಬಂದ ಲಾಭಕ್ಕೆ ತೆರಿಗೆ ವಿನಾಯಿತಿ ಇದೆ, 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಅದು 80ಪಿ ಸೆಕ್ಷನ್. 2006ರ ತಿದ್ದುಪಡಿ ಅದನ್ನು ಸಹಕಾರ ಬ್ಯಾಂಕುಗಳಿಂದ ತೆಗೆದು, ಪ್ರಾಥಮಿಕ ಸಂಘಗಳಿಗೆ ಉಳಿಸಿತು. ಆದರೂ ನೋಟಿಸು ಬರುತ್ತಲೇ ಇತ್ತು. ಕೊನೆಗೆ ಪಕ್ಕದ ಕಣ್ಣೂರು ಜಿಲ್ಲೆಯ ಮಾವಿಲಾಯಿ ಅನ್ನುವ ಒಂದು ಹಳ್ಳಿಯ ಸಂಘ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಜನವರಿ 12ರಂದು ಗೆದ್ದಿತು. ಅದರ ಲಾಭ ದೇಶದ ಎಲ್ಲಾ ಪ್ರಾಥಮಿಕ ಸಂಘಗಳಿಗೂ ಆಗಿದೆ. ಒಂದು ಹಳ್ಳಿಯ ಸಂಘ ಮಾಡಿದ ಕೆಲಸ ಅದು. ಉಳಿದಿರುವ ಗೊಂದಲ ಡಿಸಿಸಿಯಲ್ಲಿಟ್ಟ ಹಣದ ಬಡ್ಡಿಯದ್ದು. ಶಿರಸಿಯ ತೋಟಗಾರರ ಸಂಘದ ವಿಷಯದಲ್ಲಿ 2017ರಲ್ಲಿ ಒಂದೇ ವರ್ಷ ನಮ್ಮ ಹೈಕೋರ್ಟಿನಿಂದ ಎರಡು ತೀರ್ಪು ಬಂದವು, ಒಂದು ಪರವಾಗಿ, ಒಂದು ವಿರುದ್ಧವಾಗಿ. ಮೀಸಲು ನಿಧಿಯನ್ನು ಡಿಸಿಸಿಯಲ್ಲಿಡಿ ಅಂತ ಒಂದು ಕಡೆಯವರು ಹೇಳುತ್ತಾರೆ, ಅದರ ಬಡ್ಡಿಗೆ ತೆರಿಗೆ ಕಟ್ಟಿ ಅಂತ ಇನ್ನೊಂದು ಕಡೆಯವರು. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರು ಬೇರೆ, ಪ್ರಶ್ನೆ ಅದೇ. ಆ ಒಂದು ಸಾಲು ಕಾನೂನಿನಲ್ಲಿ ಸ್ಪಷ್ಟ ಆಗಲಿ ಅಂತ ಸಂಸದರ ಹತ್ತಿರ ಕೇಳಬೇಕು. ಸಿಇಒಗಳಿಗೆ ಇನ್ನೊಂದು ಮಾತು, ರಿಟರ್ನ್ ಗಡುವಿನೊಳಗೆ ಹಾಕದಿದ್ದರೆ ವಿನಾಯಿತಿಯೇ ಇಲ್ಲ. ಅದಕ್ಕೆ ಯಾವ ಸರ್ಕಾರವೂ ಬೇಡ, ನಾವೇ ಮಾಡಬೇಕು.

ಕೇಳಿದರೆ ನಿಯಮ ಬದಲಾಗುತ್ತಾ ಅಂತ ನೀವು ಕೇಳಬಹುದು. ಆಗುತ್ತೆ. 20,000 ರೂಪಾಯಿ ಮೇಲೆ ನಗದು ಠೇವಣಿ, ಸಾಲ ತೆಗೆದುಕೊಂಡರೆ ದಂಡ ಅನ್ನುವ ನಿಯಮದಿಂದ ಹಳ್ಳಿ ಸೊಸೈಟಿಗಳು ಎಷ್ಟು ಒದ್ದಾಡಿದವು! ವಾರದ ಬಟವಾಡೆಗೆ, ಸಂತೆ ದಿನಕ್ಕೆ ನಗದಿಲ್ಲದೆ ನಮ್ಮಲ್ಲಿ ಕೆಲಸ ನಡೆಯಲ್ಲ. 2023ರಲ್ಲಿ ಪ್ರಾಥಮಿಕ ಕೃಷಿ ಸಂಘಗಳಿಗೆ ಆ ಮಿತಿಯನ್ನು 2 ಲಕ್ಷಕ್ಕೆ ಏರಿಸಿದರು. ಸಹಕಾರ ಸಂಘಗಳು ನಗದು ತೆಗೆದಾಗ ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿಯುವ ಮಿತಿಯೂ 3 ಕೋಟಿಗೆ ಹೋಯಿತು. ಅದರಿಂದ ಸರ್ಕಾರದ ಬೊಕ್ಕಸ ಖಾಲಿಯಾಗಲಿಲ್ಲ. ನಮ್ಮ ಕೌಂಟರಿನ ಕೆಲಸ ಹಗುರ ಆಯಿತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತು ಕೇಳಿದರು, “ಇದೆಲ್ಲ ಸರಿ. 224 ಶಾಸಕರಲ್ಲಿ ನಮಗೆ ಇಬ್ಬರು. ನಮ್ಮ ಮಾತು ಯಾರು ಕೇಳ್ತಾರೆ?” ಒಳ್ಳೆ ಪ್ರಶ್ನೆ. ನಾನು ಹೇಳಿದ್ದು, ಮಾರ್ಚ್ ಗಡುವು ಕೊಡಗಿನದ್ದು ಮಾತ್ರ ಅಲ್ಲ ಅಣ್ಣ, ಚಿಕ್ಕಮಗಳೂರಿನದ್ದೂ ಹಾಸನದ್ದೂ ಹೌದು. ಠೇವಣಿ ಖಾತರಿ ರಾಜ್ಯದ ಎಲ್ಲಾ ಸೊಸೈಟಿಗಳದ್ದು. ಜಮ್ಮಾ ಮಾತ್ರ ನಮ್ಮದೇ, ಅದಕ್ಕೆ ಇಬ್ಬರು ಶಾಸಕರೇ ಸಾಕು, ಆದರೆ ಅವರ ಕೈಯಲ್ಲಿ ಸಂಖ್ಯೆ ಇರಬೇಕು. ಪಹಣಿ ಅಜ್ಜನ ಹೆಸರಿನಲ್ಲಿರುವುದರಿಂದ ಬೆಳೆಸಾಲ ಸಿಗದ ಸದಸ್ಯರು ಜಿಲ್ಲೆಯಲ್ಲಿ ಎಷ್ಟು ಜನ? ಆ ಸಂಖ್ಯೆ ಇವತ್ತು ಸರ್ಕಾರದ ಮುಂದೆ ಇಟ್ಟವರು ನಮ್ಮಲ್ಲಿ ಯಾರೂ ಇಲ್ಲ.

ಹಾಗಾಗಿ ಒಂದು ಪುಟದ ನಮೂನೆ ಮಾಡಿಕೊಂಡು ಹೋಗಿದ್ದೆ, ಬಂದವರಿಗೆಲ್ಲ ಹಂಚಿದೆ. ಅದರಲ್ಲಿ ಐದೇ ಕಲಂ. ಸದಸ್ಯರ ಸಂಖ್ಯೆ, ಪಹಣಿ ಸ್ವಂತ ಹೆಸರಿನಲ್ಲಿ ಇಲ್ಲದವರು, ಕೇಳಿದ್ದಕ್ಕಿಂತ ಕಡಿಮೆ ಸಾಲ ಸಿಕ್ಕವರು, ಕಳೆದ ಮಾರ್ಚಿನಲ್ಲಿ ಗಡುವು ತಪ್ಪಿ ರಿಯಾಯಿತಿ ಕಳೆದುಕೊಂಡವರು, 5 ಲಕ್ಷದೊಳಗಿನ ಠೇವಣಿದಾರರು. ಹೆಸರು ಬೇಡ, ಸಂಖ್ಯೆ ಸಾಕು. ಹುತ್ತರಿ ಮುಗಿದು ಕೊಯ್ಲು ಜೋರಾಗುವ ಮೊದಲು ಸಿಬ್ಬಂದಿಗೆ ಎರಡು ಮೂರು ದಿನ ಬಿಡುವು ಸಿಗುತ್ತೆ, ಆಗ ತುಂಬಿಸಿ ಇಡಿ ಅಂತ ಹೇಳಿದ್ದೇನೆ. ಚಹಾ ಕುಡಿಯುವಾಗಲೇ ಒಂದು ಸೊಸೈಟಿಯ ಸಿಇಒ ಬಂದು, “ಮೂರನೇ ಕಲಂ ನಾನು ಈಗಲೇ ಬರೆದು ಕೊಡುತ್ತೇನೆ, ಆ ಪಟ್ಟಿ ನನ್ನ ಡ್ರಾಯರಿನಲ್ಲಿ ಇದೆ, ಯಾರೂ ಇವತ್ತಿನವರೆಗೆ ಕೇಳಿರಲಿಲ್ಲ” ಅಂದರು.